ಬಲಗಡೆ ಕೂತ ಹೆಂಡತಿಯರು

ನನ್ನ ತಂಗಿಗೆ ನಮ್ಮ ಬೀದಿಯಲ್ಲಿ ಡಾಕ್ಟರಮ್ಮ ಎಂದು ಹೆಸರು ಬಿದ್ದು ಎಂಟು ವರ್ಷವಾಯಿತು. ಡಾಕ್ಟರೇಟು ಮಾತ್ರ ಇನ್ನೂ ಬಂದಿಲ್ಲ. ಅವಳು ಪಿಎಚ್‌ಡಿಗೆ ಸೇರಿದ ವಾರದಲ್ಲೇ ಎದುರು ಮನೆಯ ನಿವೃತ್ತ ಪೋಸ್ಟ್‌ಮ್ಯಾನ್ ಮಂಡಿನೋವು ತೋರಿಸಲು ಬಂದರು. ತಾನು ಓದುತ್ತಿರುವುದು ಕಲಾ ಇತಿಹಾಸ ಮತ್ತು ದೃಶ್ಯ ಸಂಸ್ಕೃತಿ, ಅಂದರೆ ಜನ ಚಿತ್ರಗಳನ್ನು ಹೇಗೆ ಮಾಡಿದರು, ಹೇಗೆ ನೋಡಿದರು ಎಂಬುದನ್ನು, ಎಂದು ಅವಳು ಬಿಡಿಸಿ ಹೇಳಿದಳು. ಅವರು ಪೂರ್ತಿ ಕೇಳಿಸಿಕೊಂಡು, "ಸರಿಯಮ್ಮ, ಹಾಗಾದ್ರೆ ಬಿಸಿನೀರಿನ ಶಾಖ ಕೊಡ್ಲೋ, ಬೇಡ್ವೋ?" ಎಂದರು. ಕೊಡಿ ಎಂದಳು. ಅವರ ನೋವು ಕಡಿಮೆಯಾಯಿತು. ಅಲ್ಲಿಂದ ಆ ಹೆಸರು ಗಟ್ಟಿಯಾಗಿ ನಿಂತಿದೆ.

ನಾನು ಅವಳ ಅಕ್ಕ. ಹನ್ನೊಂದು ವರ್ಷ ದೊಡ್ಡವಳು. ಟೈಲರ್. ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ: ಎರಡು ಮಿಷನ್ನು, ಬಟ್ಟೆ ಕತ್ತರಿಸುವ ಒಂದು ಉದ್ದ ಮೇಜು, ಗಿರಾಕಿಗಳು ಹೊಟ್ಟೆ ಒಳಗೆಳೆದುಕೊಂಡು ನಿಲ್ಲುವ ಒಂದು ನಿಲುಗನ್ನಡಿ. ಶಾಲೆಯ ಯೂನಿಫಾರಂ, ಗಂಡಸರ ಶರ್ಟು, ಕೋಟು ಹೊಲಿಯುತ್ತೇನೆ. ತಾನು ಓದಲೆಂದು ಅಕ್ಕ ಓದು ಬಿಟ್ಟಳು ಅಂತ ತಂಗಿ ಹೋದಲ್ಲೆಲ್ಲ ಹೇಳಿಕೊಂಡು ಬರುತ್ತಾಳೆ. ಅದು ಶುದ್ಧ ಸುಳ್ಳು. ನಾನು ಓದು ಬಿಟ್ಟದ್ದು ಲೆಕ್ಕದಲ್ಲಿ ಎರಡು ಸಲ ಡುಮ್ಕಿ ಹೊಡೆದದ್ದಕ್ಕೆ. ಆಗ ಅವಳಿಗೆ ನಾಲ್ಕು ವರ್ಷ. ಅವಳಿಗೋಸ್ಕರ ಯಾರೂ ಏನೂ ಬಿಡಬೇಕಾಗಿರಲಿಲ್ಲ. ಆದರೆ ಕೇಳಲು ಚೆನ್ನಾಗಿದೆ ಅಂತ ನಾನೂ ತಿದ್ದಲು ಹೋಗಿಲ್ಲ.

ಪಿಎಚ್‌ಡಿ ಅಂದರೆ ಒಂದು ಕೋರ್ಸು, ಮುಗಿಯುತ್ತದೆ ಎಂದುಕೊಂಡಿದ್ದೆವು. ಅದು ಕೋರ್ಸಲ್ಲ, ಮನೆಯಲ್ಲಿ ಬಂದು ಕೂತ ನೆಂಟ ಎಂದು ಮೂರನೇ ವರ್ಷದ ಹೊತ್ತಿಗೆ ಗೊತ್ತಾಯಿತು. ಆರು ತಿಂಗಳಿಗೊಮ್ಮೆ ಅವಳು ಒಂದು ವರದಿ ಕೊಡಬೇಕು. ಅದರ ಕೆಳಗೆ ಅವಳ ಗೈಡು "ಪ್ರಗತಿ ತೃಪ್ತಿಕರ" ಎಂದು ಬರೆದು ಸಹಿ ಹಾಕುತ್ತಾರೆ. ಗೈಡು ಅಂದರೆ ಅವಳ ಸಂಶೋಧನೆಗೆ ಮಾರ್ಗದರ್ಶನ ಮಾಡುವ ಪ್ರೊಫೆಸರು, ಒಳ್ಳೆಯವರು, ನಿಧಾನದವರು. ಅವಳು ಬರೆದುಕೊಟ್ಟ ಹಾಳೆಗಳ ಅಂಚಿನಲ್ಲಿ ಅಲ್ಲಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ವಾಪಸು ಕೊಡುತ್ತಿದ್ದರು. ಆ ಚಿಹ್ನೆ ಬಿದ್ದ ಕಡೆಯಲ್ಲೆಲ್ಲ ತಂಗಿ ಎರಡು ವರ್ಷ ತಲೆ ಕೆಡಿಸಿಕೊಂಡು ತಿದ್ದಿ ಬರೆದಳು. ಆಮೇಲೆ ಒಂದು ದಿನ ಅವರೇ ಹೇಳಿದರು, ಅದು ಅವತ್ತು ಅಲ್ಲಿಯವರೆಗೆ ಓದಿದ್ದೇನೆ ಎಂಬ ಗುರುತಂತೆ.

ಅವಳ ವಿಷಯ ಹಳೇ ಕಾಲದ ಫೋಟೋ ಸ್ಟುಡಿಯೋಗಳು. ಅದರಲ್ಲೂ ಒಂದು ಸ್ಟುಡಿಯೋ. ಅದರ ಮಾಲೀಕ ಒಬ್ಬಂಟಿ ಮನುಷ್ಯ; ಅವನು ಸತ್ತ ಮೇಲೆ ಅಂಗಡಿ ಮುಚ್ಚಿ, ಅವನು ತೆಗೆದ ನಾನೂರ ಹನ್ನೆರಡು ಗಾಜಿನ ನೆಗೆಟಿವ್‌ಗಳು ಮರದ ಪೆಟ್ಟಿಗೆಗಳಲ್ಲಿ ವಿಶ್ವವಿದ್ಯಾಲಯದ ನೆಲಮಾಳಿಗೆಗೆ ಬಂದು ಬಿದ್ದಿದ್ದವು. ಅವುಗಳಿಂದ ಅಚ್ಚು ಹಾಕಿದ ಫೋಟೋ ಒಂದೂ ಉಳಿದಿರಲಿಲ್ಲ. ಆ ಗಾಜುಗಳನ್ನು ಮೊದಲು ಬಿಚ್ಚಿ ನೋಡಿದವಳು ನನ್ನ ತಂಗಿ. ಅವಳು ಆ ಮನುಷ್ಯನನ್ನು "ನಮ್ಮ ಸ್ಟುಡಿಯೋದವರು" ಎಂದೇ ಕರೆಯುತ್ತಿದ್ದಳು. ಊಟಕ್ಕೆ ಕೂತರೂ ಅವರ ಮಾತೇ. ಅವರು ಹಿನ್ನೆಲೆಗೆ ಪರದೆ ಇಡುತ್ತಿರಲಿಲ್ಲ, ಅವರು ಯಾರಿಗೂ ನಗಿ ಅನ್ನುತ್ತಿರಲಿಲ್ಲ. ಅಮ್ಮ ಒಂದು ದಿನ ಮೆಲ್ಲಗೆ, "ಅವರಿಗೆ ಮದುವೆ ಆಗಿದ್ಯಾ?" ಎಂದು ಕೇಳಿದಳು.

"ಇಲ್ಲ," ಎಂದಳು ತಂಗಿ.

ಅಮ್ಮನ ಮುಖ ಅರಳಿತು.

"ಸತ್ತು ಎಪ್ಪತ್ತು ವರ್ಷ ಆಯ್ತು ಕಣಮ್ಮ."

ಅಮ್ಮ ಎದ್ದು ಪಾತ್ರೆ ತೊಳೆಯಲು ಹೋದಳು.

ಈಗ ನಾಲ್ಕು ವರ್ಷದ ಹಿಂದಿನ ಮಾತು. ತಂಗಿ ಆ ಗಾಜುಗಳ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಕಪ್ಪು ಬಿಳುಪು ಸರಿ ಮಾಡಿ, ಹತ್ತು ಹನ್ನೆರಡು ಚಿತ್ರಗಳನ್ನು ದೊಡ್ಡದಾಗಿ ಅಚ್ಚು ಹಾಕಿಸಿಕೊಂಡು ಬಂದಳು. ನನ್ನ ಕತ್ತರಿಸುವ ಮೇಜಿನ ಮೇಲೆ ಹರಡಿದಳು. ಮೊದಲನೆಯದರಲ್ಲಿ ಒಬ್ಬ ಗಂಡಸು ಕುರ್ಚಿಯಲ್ಲಿ ಕೂತಿದ್ದಾನೆ, ಪಕ್ಕದ ಕುರ್ಚಿಯಲ್ಲಿ ಹೆಂಡತಿ. ನಾನು ಮುಖ ನೋಡುವವಳಲ್ಲ, ನನ್ನ ಕಣ್ಣು ಸೀದಾ ಬಟ್ಟೆಗೆ ಹೋಗುತ್ತದೆ. ಕೋಟು ನೋಡಿದೆ. ಗುಂಡಿ ಎಡಗಡೆ ಇತ್ತು, ಕಾಜ ಬಲಗಡೆ. ಅದು ಹೆಂಗಸರ ಹೊಲಿಗೆ. ಗಂಡಸರಿಗೆ ಗುಂಡಿ ಬಲಗಡೆ, ಕಾಜ ಎಡಗಡೆ. ಇದು ಹೊಲಿಗೆ ಕಲಿಯುವವರು ಮೊದಲ ವಾರದಲ್ಲೇ ಬೈಸಿಕೊಂಡು ಕಲಿಯುವ ಪಾಠ. ಎದೆಯ ಜೇಬೂ ಬಲಗಡೆ ಇತ್ತು. ಯಾವನೋ ಅಡ್ನಾಡಿ ಟೈಲರು ಅಂದುಕೊಂಡೆ. ಎರಡನೇ ಫೋಟೋದಲ್ಲೂ ಹಾಗೇ. ಐದನೆಯದರಲ್ಲೂ ಹಾಗೇ.

ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಅವಳು ಆಗ ಪಕ್ಕದಲ್ಲಿ ನಿಂತು ನೋಟದ ರಾಜಕಾರಣ, ದೇಹಗಳ ನಡುವಿನ ಅಧಿಕಾರ ಎಂದು ಏನೇನೋ ಹೇಳುತ್ತಿದ್ದಳು. ಗೈಡು ಈ ಫೋಟೋಗಳನ್ನು ನೋಡಿ ತಲೆದೂಗಿದರು, ಸೆಮಿನಾರಿನಲ್ಲಿ ನಲವತ್ತು ಜನ ನೋಡಿ ಚಪ್ಪಾಳೆ ತಟ್ಟಿದರು ಎಂದಳು. ಅಷ್ಟು ಜನ ಓದಿದವರ ಕಣ್ಣಿಗೆ ಬೀಳದ್ದು ಲೆಕ್ಕದಲ್ಲಿ ಫೇಲಾದವಳ ಕಣ್ಣಿಗೆ ಬೀಳುವುದುಂಟೇ? ಅದು ಅವರಿಗೆ ಮೊದಲೇ ಗೊತ್ತಿರುತ್ತದೆ, ನಾನು ಬಾಯಿಬಿಟ್ಟರೆ ಬಣ್ಣಗೇಡು ಎಂದುಕೊಂಡೆ. "ಚೆನ್ನಾಗಿದೆ" ಎಂದು ಹೇಳಿ ಫೋಟೋಗಳನ್ನು ಜೋಡಿಸಿಕೊಟ್ಟೆ.

ಈ ವರ್ಷ ಅವಳು ಥೀಸಿಸ್ ಕೊಟ್ಟಳು. ಮುನ್ನೂರ ನಲವತ್ತು ಪುಟ. ಅದನ್ನು ಹೊರಗಿನ ಇಬ್ಬರು ಪರೀಕ್ಷಕರು ಓದಿ ಒಪ್ಪಿದ್ದರು. ಇನ್ನು ಬಾಕಿ ಇದ್ದದ್ದು ವೈವಾ ಒಂದೇ. ವೈವಾ ಅಂದರೆ ಪರೀಕ್ಷಕರ ಎದುರು ನಿಂತು ತನ್ನ ವಾದವನ್ನು ಸಮರ್ಥಿಸಿಕೊಳ್ಳುವುದು. ಬಾಗಿಲು ತೆರೆದಿರುತ್ತದೆ, ಯಾರು ಬೇಕಾದರೂ ಬಂದು ಕೂರಬಹುದು. ಅದು ಮುಗಿದರೆ ಡಿಗ್ರಿ. ಡಿಗ್ರಿ ಬಂದರೆ ಹನ್ನೆರಡು ವರ್ಷದಿಂದ ತಾತ್ಕಾಲಿಕವಾಗಿ ಪಾಠ ಮಾಡುತ್ತಿರುವ ಕಾಲೇಜಿನಲ್ಲಿ ಅವಳ ಕೆಲಸ ಕಾಯಂ. ಇರುವುದು ಒಂದೇ ಹುದ್ದೆ, ಅದಕ್ಕೆ ಕಣ್ಣು ಹಾಕಿದವರು ಮೂವರು. ಇಷ್ಟೆಲ್ಲ ಆ ಒಂದು ಮಧ್ಯಾಹ್ನದ ಮೇಲೆ ನಿಂತಿತ್ತು.

ವೈವಾಕ್ಕೆ ಇಪ್ಪತ್ತು ದಿನ ಇರುವಾಗ ಅವಳು ಅಂಗಡಿಯಲ್ಲಿ ನನ್ನನ್ನೂ ಅಮ್ಮನನ್ನೂ ಕೂರಿಸಿಕೊಂಡು ಅಭ್ಯಾಸಕ್ಕೆಂದು ಭಾಷಣ ಮಾಡಿದಳು. ಎಂಟು ವರ್ಷದಲ್ಲಿ ಅವಳ ಥೀಸಿಸ್ಸಿನಲ್ಲಿ ಏನಿದೆ ಎಂದು ನಾನು ಕೇಳಿದ್ದು ಅದೇ ಮೊದಲು. ನಾನು ಶರ್ಟಿನ ಕಾಲರು ಹೊಲಿಯುತ್ತ ಕೇಳಿಸಿಕೊಂಡೆ.

ಅವಳು ಹೇಳಿದ್ದು ಇಷ್ಟು. ಆ ಕಾಲದ ಬೇರೆ ಹನ್ನೊಂದು ಸ್ಟುಡಿಯೋಗಳ ಫೋಟೋಗಳಲ್ಲಿ ಹೆಂಡತಿ ಕೂರುವುದು ಗಂಡನ ಎಡಗಡೆಗೆ. ನಮ್ಮ ಸ್ಟುಡಿಯೋದವರ ಫೋಟೋಗಳಲ್ಲಿ ಮಾತ್ರ ಬಲಗಡೆಗೆ. ಬಲಗಡೆ ಎಂದರೆ ಗೌರವದ ಜಾಗ. ಈ ಮನುಷ್ಯ ಯಾರಿಗೂ ಹೇಳದೆ, ಎಲ್ಲೂ ಬರೆದಿಡದೆ, ಮನೆಯಲ್ಲಿ ಸಿಗದ ಜಾಗವನ್ನು ಒಂದು ಫೋಟೋ ತೆಗೆಯುವಷ್ಟು ಹೊತ್ತಿಗಾದರೂ ಹೆಂಗಸರಿಗೆ ಕೊಟ್ಟ. ನಾಲ್ಕನೇ ಅಧ್ಯಾಯ ಪೂರ್ತಿ ಇದೇ, ಮಿಕ್ಕ ಅಧ್ಯಾಯಗಳು ನಿಂತಿರುವುದು ಇದರ ಹೆಗಲ ಮೇಲೆ. "ಎಂಥ ಒಳ್ಳೆ ಮನುಷ್ಯ!" ಎಂದು ಅಮ್ಮ ಕಣ್ಣೊರೆಸಿಕೊಂಡಳು. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೆ ಒಂದು ದಾರಿ ಎನ್ನುತ್ತಾರಲ್ಲ, ಆ ಎಡವಟ್ಟನ ಮೇಲೆ ನನ್ನ ತಂಗಿ ಎಂಟು ವರ್ಷ ಪ್ರಾಣ ಇಟ್ಟುಕೊಂಡಿದ್ದಳು.

ನನ್ನ ಕಾಲು ಪೆಡಲಿನ ಮೇಲೆ ನಿಂತುಬಿಟ್ಟಿತು. ಕೋಟಿನ ಗುಂಡಿ ಅಡ್ನಾಡಿ ಟೈಲರನ ತಪ್ಪಲ್ಲ ಎಂದು ಆಗ ಹೊಳೆಯಿತು. ಫೋಟೋಗಳೇ ಎಡಬಲ ಆಗಿದ್ದವು.

ಮೂರು ದಿನ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೆ. ಎರಡನೇ ದಿನ ಬ್ಯಾಂಕಿನ ಕ್ಯಾಷಿಯರಿಗೆ ಹೊಲಿದ ಶರ್ಟಿನ ಜೇಬನ್ನು ಬಲಗಡೆಗೆ ಇಟ್ಟುಬಿಟ್ಟಿದ್ದೆ. ಮೂವತ್ತೈದು ವರ್ಷದಲ್ಲಿ ಮೊದಲ ಸಲ. ಆತ ಕನ್ನಡಿಯ ಮುಂದೆ ನಿಂತು ಪೆನ್ನು ಸಿಗಿಸಲು ಜೇಬು ಹುಡುಕುವುದನ್ನು ನೋಡಿ ನನಗೆ ಸಾಕಾಯಿತು. ಮಾರನೇ ಬೆಳಿಗ್ಗೆ ತಂಗಿಯನ್ನು ಕರೆದೆ.

"ಆ ಗಂಡ ಹೆಂಡತಿ ಫೋಟೋ ತಗೊಂಡು ಬಾ. ಕನ್ನಡಿ ಮುಂದೆ ಹಿಡಿ."

ಹಿಡಿದಳು.

"ಕನ್ನಡಿ ಒಳಗೆ ಕೋಟು ನೋಡು. ಗುಂಡಿ ಈಗ ಬಲಗಡೆ ಬಂತಾ? ಜೇಬು ಎಡಗಡೆ ಬಂತಾ? ಗಂಡಸರ ಕೋಟು ಇರೋದು ಹಾಗೆ. ನಿನ್ನ ಕೈಯಲ್ಲಿರೋದು ಉಲ್ಟಾ."

"ಆಗಿನ ಟೈಲರ್‌ಗಳು ಹಾಗೆ ಹೊಲಿತಿದ್ರೇನೋ."

"ಎಲ್ಲಾರೂ? ನಾನೂರು ಕೋಟು?"

ಕನ್ನಡಿಯಲ್ಲಿ ಅವಳು ನೋಡುತ್ತಿದ್ದದ್ದು ಕೋಟನ್ನಲ್ಲ. ಅಲ್ಲಿ ಹೆಂಡತಿ ಗಂಡನ ಎಡಗಡೆಗೆ, ಎಲ್ಲ ಸ್ಟುಡಿಯೋಗಳ ಎಲ್ಲ ಹೆಂಡತಿಯರ ಹಾಗೆ, ತೆಪ್ಪಗೆ ಕೂತಿದ್ದಳು.

ಆಮೇಲೆ ಅವಳು ಚಪ್ಪಲಿ ಮೆಟ್ಟಿಕೊಂಡು ನೆಲಮಾಳಿಗೆಗೆ ಹೋದಳು. ಮಧ್ಯಾಹ್ನ ಬಂದು ಹೇಳಿದಳು. ಗಾಜಿನ ನೆಗೆಟಿವ್‌ಗೆ ಎರಡು ಮೈ. ಒಂದು ಬರೀ ಗಾಜು, ಇನ್ನೊಂದು ಚಿತ್ರ ಮೂಡಿದ ಲೇಪನದ ಮೈ. ಲೇಪನ ಯಾವುದಕ್ಕೂ ತಾಗಬಾರದು, ಯಾವಾಗಲೂ ಮೇಲೆ ಇರಬೇಕು ಎಂದು ಗೋಡೆಯ ಮೇಲೆ ನಿಯಮ ಬರೆದಿದೆ. ಅವಳು ಅದನ್ನು ಚಾಚೂ ತಪ್ಪದೆ ಪಾಲಿಸಿ, ನಾನೂರ ಹನ್ನೆರಡು ಗಾಜನ್ನೂ ಬೆಳಕಿನ ಮೇಜಿನ ಮೇಲೆ ಲೇಪನ ಮೇಲಾಗಿ ಇಟ್ಟು, ಮೇಲಿನಿಂದ ಕ್ಯಾಮೆರಾ ಹಿಡಿದಿದ್ದಳು. ಆ ಕಡೆಯಿಂದ ನೋಡಿದರೆ ಚಿತ್ರ ಎಡಬಲ ಆಗಿಯೇ ಕಾಣುವುದು. ಕಂಪ್ಯೂಟರಿನಲ್ಲಿ ಮತ್ತೆ ತಿರುಗಿಸಬೇಕಿತ್ತು. ಅದನ್ನು ಗೋಡೆಯ ಮೇಲೆ ಬರೆದಿರಲಿಲ್ಲ. ಅವಳು ನಿಯಮ ಮುರಿಯುವ ಜಾತಿಯವಳಾಗಿದ್ದರೆ ಎಲ್ಲ ಸರಿಯಾಗಿರುತ್ತಿತ್ತು.

"ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು," ಎಂದಳು. ಚಪ್ಪಲಿ ಕಳಚುತ್ತ, "ಇಲೀನೂ ಇಲ್ಲ," ಎಂದಳು.

ಗೈಡಿನ ಬಳಿ ಹೋದಳು. ಅವರು ಫೋಟೋವನ್ನು ಹಾಗೆ ನೋಡಿ, ಹೀಗೆ ತಿರುಗಿಸಿ ನೋಡಿ, ತಮ್ಮ ಅಂಗಿಯ ಗುಂಡಿಯನ್ನೂ ಒಮ್ಮೆ ಮುಟ್ಟಿ ನೋಡಿಕೊಂಡರಂತೆ. ಅವರ ಕೈಕೆಳಗೆ ಓದಿದವರಲ್ಲಿ ಇವಳೇ ಕೊನೆಯವಳು, ಈ ವರ್ಷ ಅವರಿಗೆ ನಿವೃತ್ತಿ.

"ನೋಡಮ್ಮ," ಎಂದರಂತೆ, "ಇಬ್ಬರೂ ಪರೀಕ್ಷಕರು ನಾಲ್ಕನೇ ಅಧ್ಯಾಯವನ್ನೇ ಹೊಗಳಿದ್ದಾರೆ. ಒಬ್ಬರಂತೂ ಕಣ್ಣು ತೆರೆಸುವ ಅಧ್ಯಾಯ ಅಂತ ಬರೆದಿದ್ದಾರೆ. ವೈವಾ ಮುಗೀಲಿ. ಮುಂದೆ ಪುಸ್ತಕ ಮಾಡುವಾಗ ತಿದ್ದಿಕೊಂಡ್ರಾಯ್ತು. ಗುಂಡಿ ಯಾರಮ್ಮ ನೋಡ್ತಾರೆ?"

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪರೀಕ್ಷಕರು ಎಂದು ನನಗೆ ಸಿಟ್ಟು ಬಂತು. ಆದರೆ ನಾನೂ ಗೈಡಿನ ಮಾತೇ ಸರಿ ಎಂದೆ. ಹೇಳುವುದನ್ನು ಹೇಳಿ, ಆಮೇಲೆ ಬಾಯಿ ಮುಚ್ಚಿಕೊಂಡಿರು ಎಂದು ಉಪದೇಶ ಮಾಡುವುದಕ್ಕೆ ನನಗೇ ನಾಚಿಕೆಯಾಯಿತು, ಆದರೂ ಮಾಡಿದೆ. ಆ ಕಾಯಂ ಕೆಲಸ ಅವಳಿಗೆ ಸಿಗಬೇಕೆಂದು ನನಗೆ ಅಷ್ಟು ಆಸೆಯಿತ್ತು. ಅಮ್ಮ ತನ್ನದೇ ಕಾರಣ ಹೇಳಿದಳು: "ಪಾಪ, ಸತ್ತವರಿಗೆ ಬಂದ ಒಳ್ಳೆ ಹೆಸರು ಯಾಕೆ ಕೆಡಿಸ್ತೀಯ?" ಮೂರು ಜನ ಸೇರಿ ಬೇಡ ಅಂದರೆ ಅವಳು ಅದನ್ನು ಮಾಡಿಯೇ ತೀರುತ್ತಾಳೆ ಎಂಬುದು ನಮಗೆ ಗೊತ್ತಿರಬೇಕಿತ್ತು. ಹುಟ್ಟಿದಾಗಿನಿಂದ ಹಾಗೆ.

ವೈವಾ ದಿನ ನಾನು ಅಂಗಡಿ ಮುಚ್ಚಿ ಹೋದೆ. ಉದ್ದನೆಯ ಕೋಣೆ, ಮುಂದೆ ಪರದೆ, ಮೂವತ್ತು ಕುರ್ಚಿ, ಮೂಲೆಯಲ್ಲಿ ಟೀ ಫ್ಲಾಸ್ಕು, ಬಿಸ್ಕತ್ತಿನ ತಟ್ಟೆಗೆ ಮುಚ್ಚಿದ ಪೇಪರು. ಹಿಂದಿನ ಸಾಲಿನಲ್ಲಿ ಕೂತೆ. ಮುಂದಿನ ಸಾಲಿನಲ್ಲಿ ಪರೀಕ್ಷಕರು, ಅಧ್ಯಕ್ಷರು, ಗೈಡು. ತಂಗಿ ಮೊದಲ ಮೂರು ಅಧ್ಯಾಯಗಳ ಬಗ್ಗೆ ಸರಾಗವಾಗಿ ಹೇಳಿದಳು. ನಾಲ್ಕಕ್ಕೆ ಬಂದಾಗ ಪರದೆಯ ಮೇಲೆ ಒಂಬತ್ತು ದಂಪತಿಗಳ ಫೋಟೋ ಬಂತು.

"ಈ ಅಧ್ಯಾಯದ ವಾದ ತಪ್ಪು," ಎಂದಳು. "ನಾನು ನೆಗೆಟಿವ್‌ಗಳ ಫೋಟೋ ತೆಗೆದದ್ದೇ ಎಡಬಲ ಆಗಿ. ಸರಿ ಮಾಡಿದರೆ ಹೀಗೆ."

ಒಂದು ಗುಂಡಿ ಒತ್ತಿದಳು. ಒಂಬತ್ತು ಹೆಂಡತಿಯರೂ ಒಟ್ಟಿಗೆ ಎದ್ದು ಹೋಗಿ ಆ ಕಡೆ ಕೂತರು.

ಕಣ್ಣು ತೆರೆಸುವ ಅಧ್ಯಾಯ ಎಂದು ಬರೆದಿದ್ದ ಪರೀಕ್ಷಕರು ಕನ್ನಡಕ ತೆಗೆದು ಒರೆಸತೊಡಗಿದರು. ಗೈಡು ನೆಲ ನೋಡುತ್ತಿದ್ದರು. ಅಧ್ಯಕ್ಷರು, "ಇದನ್ನ ಯಾರೂ ಕೇಳಿರಲಿಲ್ಲವಲ್ಲ," ಎಂದರು.

"ಇಲ್ಲ ಸರ್. ಅದಕ್ಕೇ ನಾನೇ ಹೇಳಿದೆ."

"ಮೊದಲು ಗುರುತಿಸಿದ್ದು ಯಾರು?"

"ನಮ್ಮಕ್ಕ ಸರ್."

"ಯಾವ ವಿಭಾಗ?"

"ಟೈಲರ್ ಸರ್."

ಅವರು ಅದನ್ನು ಬರೆದುಕೊಂಡರು.

ನಮ್ಮನ್ನೆಲ್ಲ ಹೊರಗೆ ಕಳಿಸಿ ನಲವತ್ತು ನಿಮಿಷ ಮಾತಾಡಿದರು. ಆಮೇಲೆ ಒಳಗೆ ಕರೆದು, ಥೀಸಿಸ್ಸನ್ನು ಈಗಿರುವ ರೂಪದಲ್ಲಿ ಒಪ್ಪಲಾಗದು, ನಾಲ್ಕನೇ ಅಧ್ಯಾಯವನ್ನು ಹೊಸದಾಗಿ ಬರೆಯಬೇಕು, ಅದಕ್ಕೆ ಒಂದು ವರ್ಷ ಕಾಲಾವಕಾಶ, ಅದೇ ಕೊನೆ ಎಂದರು. ಅಭ್ಯರ್ಥಿಯ ಪ್ರಾಮಾಣಿಕತೆಯನ್ನು ಮೆಚ್ಚಿದ್ದೇವೆ ಎಂದೂ ಸೇರಿಸಿದರು. ಕಾಲೇಜಿನ ಹುದ್ದೆ ಎರಡು ತಿಂಗಳಲ್ಲಿ ಭರ್ತಿಯಾಗುವುದಿತ್ತು. ಬಿಸ್ಕತ್ತಿನ ಮೇಲಿನ ಪೇಪರನ್ನು ಯಾರೂ ತೆಗೆಯಲಿಲ್ಲ.

ಬಸ್ಸಿನಲ್ಲಿ ಪಕ್ಕಪಕ್ಕ ಕೂತೆವು. ಅವಳು ಅಳುತ್ತಾಳೆ ಎಂದುಕೊಂಡು ನಾನು ಕರವಸ್ತ್ರ ಕೈಯಲ್ಲೇ ಹಿಡಿದುಕೊಂಡಿದ್ದೆ. ಅವಳು ಅಳಲಿಲ್ಲ. ನಾಲ್ಕು ಸ್ಟಾಪು ಕಳೆದ ಮೇಲೆ ಕೇಳಿದಳು.

"ಅಕ್ಕಾ, ಮೊದಲನೇ ಸಲ ಫೋಟೋ ತಂದಾಗ ನೀನು ತುಂಬ ಹೊತ್ತು ನೋಡಿದ್ದೆ. ಆಗ್ಲೇ ಕಂಡಿತ್ತಾ ನಿನಗೆ?"

ಸುಳ್ಳು ಹೇಳಬಹುದಿತ್ತು. ಅವತ್ತು ಅವಳು ನಿಂತು ಮಾತಾಡಿದ್ದನ್ನು ನೋಡಿದ ಮೇಲೆ ಸುಳ್ಳು ಬಾಯಿಗೆ ಬರಲಿಲ್ಲ.

"ಕಂಡಿತ್ತು."

"ನಾಲ್ಕು ವರ್ಷ! ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ," ಎಂದೆ. ಸಿಟ್ಟಿನಲ್ಲೇ ಅಂದೆ. "ಎಲ್ಲೆಲ್ಲಿಂದಲೋ ಬಂದವರಿಗೆಲ್ಲ ತೋರಿಸಿ ಏನನ್ನಿಸ್ತು ಅಂತ ಕೇಳಿದೆ. ನನ್ನ ಮೇಜಿನ ಮೇಲೇ ಹರಡಿ, ನನ್ನ ಒಂದು ಮಾತು ಕೇಳಿದ್ಯಾ?"

ಅವಳು ಕಿಟಕಿಯ ಕಡೆ ತಿರುಗಿದಳು. ಮನೆ ಬರುವವರೆಗೆ ತಿರುಗಿಯೇ ಇದ್ದಳು.

ಹನ್ನೊಂದು ದಿನ ನಾವು ಮಾತಾಡಲಿಲ್ಲ. ಒಂದೇ ಮನೆ, ಒಂದೇ ಬಚ್ಚಲು, ಮಾತಿಲ್ಲ. ಉಪ್ಪು ಬೇಕಾದರೆ ಅಮ್ಮನ ಮೂಲಕ ಹೋಗಬೇಕು. ನಾನು ಬಸ್ಸಿನಲ್ಲಿ ಹೇಳಿದ್ದು ನಿಜ, ಆದರೆ ಪೂರ್ತಿ ನಿಜವಲ್ಲ. ಅವಳು ಕೇಳಿದ್ದರೂ ನಾನು ಹೇಳುತ್ತಿದ್ದೆನೋ ಇಲ್ಲವೋ. ಎತ್ತಿ ಆಡಿಸಿದ ತಂಗಿಯ ಮುಂದೆ ದಡ್ಡಿ ಅನ್ನಿಸಿಕೊಳ್ಳಲು ನನಗೆ ಹೆದರಿಕೆಯಿತ್ತು. ಆ ಹೆದರಿಕೆಗೆ ಅವಳ ನಾಲ್ಕು ವರ್ಷ ಹೋಯಿತು. ಮಿಷನ್ ತುಳಿಯುತ್ತ ಎರಡು ಸಲ ಅತ್ತೆ. ಗಿರಾಕಿಗಳಿಗೆ ನೆಗಡಿ ಎಂದೆ.

ಕೊನೆಗೆ ಅಮ್ಮನಿಗೆ ರೇಗಿತು. "ಹಿತ್ತಲ ಗಿಡ ಮದ್ದಲ್ಲ ಅಂತ ಅವಳು ಕೂತ್ಲು. ನೀನೂ ಗಿಡದ ಹಾಗೇ ನಿಂತ್ಕೊಂಡೆ. ಇಬ್ಬರಿಗೂ ಸರಿಯಾಗಿದೆ," ಎಂದು ಪಾತ್ರೆ ಕುಕ್ಕಿದಳು.

ಹನ್ನೆರಡನೇ ದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯಲು ಹೋದರೆ ತಂಗಿ ಹೊಸ್ತಿಲಲ್ಲೇ ನಿಂತಿದ್ದಳು. "ಇವತ್ತು ತೆಗೀಬೇಡ. ನನ್ನ ಜೊತೆ ಬಾ," ಎಂದಳು. ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ನೆಲಮಾಳಿಗೆಯಲ್ಲಿ ತಣ್ಣಗಿತ್ತು. ಗುಮಾಸ್ತರು ರಿಜಿಸ್ಟರ್ ತಳ್ಳಿದರು. ಹೆಸರು, ವಿಳಾಸ ಬರೆದೆ. ಬಂದ ಉದ್ದೇಶ ಎಂಬ ಕಡೆ ಬಂದು ಪೆನ್ನು ನಿಂತಿತು. ಮೇಲಿನ ಸಾಲಿನಲ್ಲಿ ತಂಗಿ ಸಂಶೋಧನೆ ಎಂದು ಬರೆದಿದ್ದಳು. ನನ್ನ ಸಾಲಿನಲ್ಲೂ ಅವಳೇ ಕೈ ಚಾಚಿ ಅದನ್ನೇ ಬರೆದಳು. ನನಗೆ ಬಿಳಿ ಕೈಗವಸು ಹಾಕಿಸಿದಳು. ಎತ್ತರದ ಸ್ಟೂಲು ಎಳೆದು ಕೂರಿಸಿದಳು. ಬೆಳಕಿನ ಮೇಜಿನ ಮೇಲೆ, ಮೊದಲಿನ ಹಾಗೇ ಲೇಪನ ಮೇಲಾಗಿ ಒಂದು ಗಾಜು ಇಟ್ಟು, ಕ್ಯಾಮೆರಾ ಹಿಡಿದು, ಪಕ್ಕದ ಕಂಪ್ಯೂಟರಿನಲ್ಲಿ ಚಿತ್ರವನ್ನು ಬಿಳುಪು ಕಪ್ಪು ಮಾಡಿ, ಎಡಬಲ ತಿರುಗಿಸಿ, ಪರದೆಯನ್ನು ನನ್ನ ಕಡೆಗೆ ಸರಿಸಿದಳು. ನೋಟ್‌ಬುಕ್ಕು ಬಿಚ್ಚಿಕೊಂಡಳು.

"ನಿನಗೆ ಏನು ಕಾಣುತ್ತೋ ಹೇಳು ಅಕ್ಕಾ. ನಾನು ಬರ್ಕೋತೀನಿ. ದಡ್ಡತನ ಅನ್ನಿಸಿದ್ರೂ ಹೇಳು."

ಗಂಡ, ಹೆಂಡತಿ. ಹೆಂಡತಿ ಎಡಗಡೆ. ನಾನು ಅವನ ಹೆಗಲು ನೋಡಿದೆ. ತೋಳು ಸೇರುವ ಹೊಲಿಗೆ ಹೆಗಲ ಮೇಲೆ ಇರಬೇಕಾದದ್ದು ಮೂರು ಬೆರಳು ಕೆಳಗೆ ಇಳಿದಿತ್ತು. ತೋಳಿನ ತುದಿಯನ್ನು ಒಳಗೆ ಮಡಚಿ ಪಿನ್ನು ಹಾಕಿದ್ದರು. ಎದೆಯ ಜೇಬಿನ ಮೂಲೆಯಲ್ಲಿ ಹರಿದದ್ದಕ್ಕೆ ಹಾಕಿದ ರಫು ಇತ್ತು. ಒಳ್ಳೆಯ ಕೈ, ದಾರ ಮಾತ್ರ ಬೇರೆ. ಆ ರಫು ನಾನು ಎಲ್ಲೋ ನೋಡಿದ್ದೆ. ನಾಲ್ಕು ವರ್ಷದ ಹಿಂದೆ ನನ್ನ ಮೇಜಿನ ಮೇಲೆ ಹರಡಿದ ಫೋಟೋಗಳಲ್ಲಿ, ಬೇರೆ ಯಾರದೋ ಎದೆಯ ಮೇಲೆ.

"ಈ ಕೋಟು ಇವನದಲ್ಲ," ಎಂದೆ.

ಅವಳ ಪೆನ್ನು ನಿಂತಿತು. "ಮತ್ತೆ ಯಾರದು?"

"ಗೊತ್ತಿಲ್ಲ. ಮುಂದಿನ ಗಾಜು ಇಡು."